ಬಸ್ಸು ಹತ್ತದವನು ಮತ್ತು ನಾನು ಆಡಿದ ಉಳಿದ ಆಟಗಳು

ವಿಡಿಯೋ ಗೇಮ್ ಆಡಿ ಸಂಬಳ ತೆಗೆದುಕೊಂಡವಳು ನಾನು. ಈ ಮಾತನ್ನು ಸರ್ಜಾಪುರದ ಕಡೆಯ ನಮ್ಮ ನೆಂಟರು ಇವತ್ತಿಗೂ ನಂಬುವುದಿಲ್ಲ. ನಂಬುವವರು ಹುಡುಗ ಹುಡುಗಿಯರು. ಯಾರದಾದರೂ ಮದುವೆಗೆ ಹೋದರೆ ಸಾಕು, ಪಂಕ್ತಿಯಲ್ಲಿ ಪಕ್ಕದ ಎಲೆಗೆ ಬಂದು ಕೂತು ಎರಡು ಪ್ರಶ್ನೆ ಕೇಳುತ್ತಾರೆ. “ಆಂಟಿ, ಆ ಕೆಲಸಕ್ಕೆ ಸೇರ್ಬೇಕಂದ್ರೆ ಏನ್ ಮಾಡ್ಬೇಕು?” ಅನ್ನುವುದು ಒಂದು. “ನೀವು ಆಡಿರೋದ್ರಲ್ಲಿ ಸಕ್ಕತ್ ಗೇಮ್ ಯಾವ್ದು?” ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನನ್ನಲ್ಲಿ ಬೇಕಾದಷ್ಟು ಉತ್ತರವಿದೆ, ಕೇಳದವರಿಗೂ ಹೇಳುತ್ತೇನೆ. ಎರಡನೆಯದಕ್ಕೆ ಬಾಯಿ ಕಟ್ಟುತ್ತದೆ. ಆಟಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸವಾಗಿತ್ತು. ತಪ್ಪು ಎಲ್ಲಿದೆ ಎಂದು ಕೇಳಿದರೆ ಹೇಳಬಲ್ಲೆ. ಚೆನ್ನಾಗಿರುವುದು ಎಲ್ಲಿದೆ ಎಂದು ಕೇಳಿದರೆ ನನಗೇ ಗೊಂದಲ.

ಅದೂ ಹೋಗಲಿ, ತಪ್ಪನ್ನಾದರೂ ಸರಿಯಾಗಿ ಹಿಡಿದೆನೇ? ನಂದಿನಿ ಎಂಬ ಹುಡುಗಿ ಮಾಡಿದ ಬಸ್ಸಿನ ಆಟದಲ್ಲಿ ನಾನು ಒಂದು ತಪ್ಪು ಹಿಡಿದು, ಹಟ ಮಾಡಿ, ಸರಿ ಮಾಡಿಸಿದೆ. ಅದು ತಪ್ಪೇ ಆಗಿತ್ತೋ, ಅಥವಾ ಆಕೆ ಆ ಆಟವನ್ನು ಮಾಡಿದ್ದೇ ಅದಕ್ಕಾಗಿಯೋ ಎಂಬುದು ಹತ್ತು ವರ್ಷ ದಾಟಿದರೂ ನನ್ನೊಳಗೆ ತೀರ್ಮಾನವಾಗಿರಲಿಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಆ ಒಂದು ಪ್ರಸಂಗವನ್ನು ತಿಳಿದುಕೊಂಡರೂ ಸಾಕು. ಆದರೆ ಅದರ ಹಿಂದಿನ ನಾಲ್ಕು ಮಾತು ಹೇಳದೆ ಅದು ಅರ್ಥವಾಗುವುದಿಲ್ಲ.

ನನ್ನ ಮೊದಲ ಕೆಲಸ ಎಲೆಕ್ಟ್ರಾನಿಕ್ ಸಿಟಿಯ ಒಂದು ಆಟಿಕೆ ಕಾರ್ಖಾನೆಯಲ್ಲಿ. ಅಂಗೈಯಲ್ಲಿ ಹಿಡಿದು ಆಡುವ, ಮೇಲಿನಿಂದ ಇಟ್ಟಿಗೆ ಬೀಳುವ ಆಟದ ಡಬ್ಬಿಗಳು ಅಲ್ಲಿ ಜೋಡಣೆಯಾಗುತ್ತಿದ್ದವು. ಸಾಲಿನ ಕೊನೆಯಲ್ಲಿ ನಾನು. ಡಬ್ಬಿ ಬಂದ ಕೂಡಲೇ ಎಲ್ಲ ಗುಂಡಿ ಒತ್ತಬೇಕು, ಮೂರು ಸಾಲು ಇಟ್ಟಿಗೆ ತುಂಬಿಸಬೇಕು, ಸಾಲು ಅಳಿಸಿಹೋದರೆ ಪಾಸು. ಮುಂದಿನ ಡಬ್ಬಿ. ಹೀಗೆ ವರ್ಷಗಟ್ಟಲೆ ಅದೇ ಆಟದ ಮೊದಲ ಮೂರು ಸಾಲು ಆಡಿದೆ. ನಾಲ್ಕನೆಯ ಸಾಲಿನ ಮೇಲೆ ಏನಾಗುತ್ತದೆ ಎಂದು ಕೆಲಸ ಬಿಡುವವರೆಗೂ ನೋಡಲಿಲ್ಲ. ಆ ಆಟದ ಬಗ್ಗೆ ನನ್ನ ಅಭಿಪ್ರಾಯ ಏನು ಎಂದರೆ, ಎಡಗಡೆಯ ಗುಂಡಿ ಬೇಗ ಸಡಿಲವಾಗುತ್ತದೆ. ಇಷ್ಟೇ.

ಆ ಕಾರ್ಖಾನೆ ಮುಚ್ಚಿತು. ವೈಟ್‌ಫೀಲ್ಡ್ ಕಡೆ, ಪಟ್ಟಂದೂರು ಅಗ್ರಹಾರದಲ್ಲಿ, ಕಲ್ಲುಚಪ್ಪಡಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಸಣ್ಣ ಕಂಪನಿ ಹೊರದೇಶದವರಿಗೆ ಗೇಮ್ ಪರೀಕ್ಷೆ ಮಾಡಿಕೊಡುತ್ತದೆ ಎಂದು ಕೇಳಿ ಹೋದೆ. ಅಲ್ಲಿಯ ಮುಖ್ಯಸ್ಥರು ದಿವಾಕರ ಸಾರ್. ತೆಳ್ಳಗಿನ ಮನುಷ್ಯ, ನಗುವುದಕ್ಕೂ ಲೆಕ್ಕ ಹಾಕುವವರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನಿಮಗೆ ಗೇಮ್ ಆಡಕ್ಕೆ ಬರುತ್ತಾಮ್ಮ?”

“ಆಡಕ್ಕೆ ಬರಲ್ಲ ಸಾರ್. ಎಲ್ಲಿ ಕೆಟ್ಟದೆ ಅಂತ ಹೇಳಕ್ಕೆ ಬರುತ್ತೆ.”

ಅವರು ಲೆಕ್ಕ ಮರೆತು ನಕ್ಕರು. ಕೆಲಸ ಸಿಕ್ಕಿತು. ಅಲ್ಲೇ ನಾನು ಚೌಕಾಸಿ ಶುರು ಮಾಡಿದೆ. ಇದನ್ನು ಹೊಸಬರು ಗಮನಿಸಬೇಕು. ಸಂಬಳಕ್ಕೆ ಎಲ್ಲರೂ ಚೌಕಾಸಿ ಮಾಡುತ್ತಾರೆ, ಅವರೂ ಅದಕ್ಕೆ ತಯಾರಾಗಿಯೇ ಕೂತಿರುತ್ತಾರೆ. ನಾನು ಕುರ್ಚಿಗೆ ಚೌಕಾಸಿ ಮಾಡಿದೆ. ಕೈ ಇರುವ, ಬೆನ್ನು ಆನಿಸುವ ಕುರ್ಚಿ, ಕಿಟಕಿಯ ಪಕ್ಕ. ಸಂಬಳ ವರ್ಷ ವರ್ಷ ಬದಲಾಗುತ್ತದೆ. ಬೆನ್ನು ಒಂದೇ.

ಮೊದಲು ಕೊಟ್ಟದ್ದು ಕಾರ್ ಓಡಿಸುವ ಆಟ. ಹುಡುಗರೆಲ್ಲ ಅಸೂಯೆ ಪಟ್ಟರು. ಅವರಿಗೆ ಗೊತ್ತಿರಲಿಲ್ಲ, ಗೆಲ್ಲುವುದಕ್ಕಾಗಿ ಓಡಿಸುವ ಹಾಗಿಲ್ಲ. ರಸ್ತೆ ಬದಿಯ ಒಂದೊಂದು ಗೋಡೆಗೂ, ಕಂಬಕ್ಕೂ, ಮರಕ್ಕೂ ಗುದ್ದಬೇಕು. ಗುದ್ದಿದಾಗ ಕಾರು ನಿಂತರೆ ಸರಿ, ಒಳಗೆ ತೂರಿ ಹೋದರೆ ತಪ್ಪು. ಎರಡು ವಾರ ಮರಗಳಿಗೆ ಗುದ್ದಿದೆ. ಆ ಆಟದಲ್ಲಿ ಗುಂಡಿ ಬಿದ್ದ ರಸ್ತೆಯಿಲ್ಲ, ಎದುರಿನಿಂದ ನುಗ್ಗುವ ಆಟೋ ಇಲ್ಲ, ನೀರಿನ ಟ್ಯಾಂಕರ್ ಇಲ್ಲ. ಅಂಥ ರಸ್ತೆಯಲ್ಲಿ ಜೋರಾಗಿ ಓಡಿಸುವುದರಲ್ಲಿ ಏನು ಜಾಣತನವಿದೆಯೋ ನನಗೆ ತಿಳಿಯಲಿಲ್ಲ. ಆದರೆ ಒಂದು ಮರದೊಳಗೆ ಕಾರು ಪೂರ್ತಿ ತೂರಿ ಆಚೆ ಬಂದಾಗ ನಾನು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದೆ. ಅದೊಂದೇ ಮರ ಆ ಆಟದಲ್ಲಿ ನನಗೆ ಇಷ್ಟವಾದದ್ದು. ಅದನ್ನೂ ನಾನೇ ಬರೆದುಕೊಟ್ಟು ಗಟ್ಟಿ ಮಾಡಿಸಿದೆ.

ಆಮೇಲೆ ತೋಟದ ಆಟ. ಟೊಮೆಟೊ ಹಾಕಿದರೆ ಮೂರು ನಿಮಿಷಕ್ಕೆ ಹಣ್ಣು. ಹುಳವಿಲ್ಲ, ಕರೆಂಟಿಗೆ ಕಾಯುವುದಿಲ್ಲ, ದಲ್ಲಾಳಿಯಿಲ್ಲ. ಟೊಮೆಟೊ ಬೆಳೆದ ಮನೆಯಿಂದ ಬಂದವಳು ನಾನು. ಇದರಲ್ಲಿ ಏನೋ ಮೋಸವಿದೆ ಎಂದು ಮೊದಲ ದಿನವೇ ಅನ್ನಿಸಿತು. ಅಲ್ಲೊಬ್ಬ ಅಂಗಡಿಯವನು ಬೀಜ ಮಾರುತ್ತಾನೆ. ‘ಬೇಕು’ ಎನ್ನಲು ಒಂದು ಗುಂಡಿ, ‘ಬೇಡ’ ಎನ್ನಲು ಒಂದು. ನಾನು ಬೇಡ ಎಂದು ಒತ್ತಿ ಹೊರಟಂತೆ ಮಾಡಿದೆ. ಕರೆಯಲಿಲ್ಲ. ಮತ್ತೆ ಹೋದೆ, ಮತ್ತೆ ಬೇಡ ಎಂದೆ. ನಲವತ್ತು ಸಲ ಹೀಗೆ ಮಾಡಿ, ಕೊನೆಗೆ ವರದಿ ಬರೆದೆ: “ಅಂಗಡಿಯವನು ಬೆಲೆ ಇಳಿಸುತ್ತಿಲ್ಲ.”

ಇಡೀ ಮಹಡಿ ನಕ್ಕಿತು. ದಿವಾಕರ ಸಾರ್ ನನ್ನ ಮೇಜಿನ ಹತ್ತಿರ ಬಂದರು. “ಸರೋಜಮ್ಮ, ಗೇಮಲ್ಲಿ ಬೆಲೆ ಫಿಕ್ಸೆಡ್ಡು. ಇದು ಕೆ. ಆರ್. ಮಾರ್ಕೆಟ್ ಅಲ್ಲ.”

“ಹಂಗಾದ್ರೆ ಬೇಡ ಅನ್ನೋ ಗುಂಡಿ ಯಾಕಿಟ್ಟವ್ರೆ ಸಾರ್?”

ಅವರು ನಗುತ್ತ ಹೊರಟುಹೋದರು. ಅದರ ಉತ್ತರ ನನಗೆ ಇನ್ನೂ ಹೊಳೆದಿಲ್ಲ. ಆ ವರದಿ ನನ್ನ ಮೊದಲ ದೊಡ್ಡ ಪೆದ್ದುತನ ಎಂದು ಕಚೇರಿಯಲ್ಲಿ ಹೆಸರಾಯಿತು. ನೀವೂ ಇಂಥದ್ದೊಂದು ಮಾಡಿಯೇ ಮಾಡುತ್ತೀರಿ. ಬೇಗ ಮಾಡಿ ಮುಗಿಸಿಬಿಡಿ.

ದೆವ್ವದ ಮನೆಯ ಆಟವೊಂದು ಬಂತು. ಅದನ್ನು ಯಾರೂ ಮುಟ್ಟಲಿಲ್ಲ, ನನಗೆ ತಳ್ಳಿದರು. ಎಂಟು ದಿನ ಆ ಮನೆಯ ಗೋಡೆಗಳನ್ನು ಒಂದೊಂದಾಗಿ ನೂಕುತ್ತ ಹೋದೆ. ದೆವ್ವದ ಸುಳಿವೇ ಇಲ್ಲ. ಒಂಬತ್ತನೆಯ ದಿನ ನೋಡಿದರೆ ಅದು ಅಡುಗೆಮನೆಯ ಬೀರುವಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡು, ತಲೆಯನ್ನಷ್ಟೇ ಎಡಕ್ಕೂ ಬಲಕ್ಕೂ ಅಲ್ಲಾಡಿಸುತ್ತಿದೆ. ಪಾಪ ಅನ್ನಿಸಿತು. ವರದಿ ಮಾಡಿದೆ, ಅವರು ಬಿಡಿಸಿದರು. ಮಾರನೆಯ ದಿನ ಆಟ ತೆರೆದ ಕೂಡಲೇ ಅದು ನೇರ ಬಂದು ನನ್ನನ್ನೇ ಕೊಂದಿತು. ಹೆದರಿಸುವ ಆಟ ಎಂದು ಎಲ್ಲರೂ ಹೊಗಳಿದ ಆ ಆಟದ ನೆನಪಾದರೆ ನನಗೆ ಇವತ್ತಿಗೂ ಬರುವುದು ಅಯ್ಯೋ ಅನ್ನುವ ಭಾವನೆ. ಇದು ಸರಿಯೋ ತಪ್ಪೋ ಗೊತ್ತಿಲ್ಲ.

ಬಂದೂಕಿನ ಆಟಗಳು ನನಗೆ ಹಿಡಿಸಲಿಲ್ಲ. ರಕ್ತಕ್ಕಲ್ಲ. ಸತ್ತವನು ಐದು ಸೆಕೆಂಡಿಗೆ ಮಾಯವಾಗುತ್ತಾನೆ, ಅದಕ್ಕೆ. ಎಲ್ಲಿಗೆ ಹೋಗುತ್ತಾನೆ ಎಂದು ಕೇಳಿದೆ. ಇಟ್ಟುಕೊಂಡರೆ ಫೋನಿನ ಮೆಮೊರಿ ತುಂಬಿಹೋಗುತ್ತದೆ, ಅದಕ್ಕೇ ಅಳಿಸುತ್ತೇವೆ ಎಂದರು. ಆಮೇಲೆ ಆ ಆಟ ಆಡುವಾಗಲೆಲ್ಲ ಗುಂಡು ಹಾರಿಸಿ ಎಣಿಸುತ್ತ ಕೂರುತ್ತಿದ್ದೆ, ನಿಜಕ್ಕೂ ಐದೇ ಸೆಕೆಂಡೋ ಎಂದು. ಬಣ್ಣದ ಹರಳುಗಳನ್ನು ಮೂರು ಮೂರು ಜೋಡಿಸುವ ಆಟವಂತೂ ಆಟವೇ ಅಲ್ಲ, ಮೊರದಲ್ಲಿ ಕಾಳು ಆರಿಸಿದ ಹಾಗೆ. ಬುದ್ಧಿಯಿರುವವರು ಯಾರಾದರೂ ಅದನ್ನು ಆಡುತ್ತಾರೆಯೇ ಎಂದು ಬರೆದೂ ಕೊಟ್ಟಿದ್ದೇನೆ. ಈಗ ನಿವೃತ್ತಿಯಾದ ಮೇಲೆ ದಿನಾ ಆಡುವುದು ಅದೊಂದನ್ನೇ. ಯಾಕೆ ಎಂದು ಕೇಳಬೇಡಿ.

ಇನ್ನು ಕೆಲಸದ ರೀತಿ. ಮೊದಲು ಉದ್ದ ಗೀಟಿನ ಪುಸ್ತಕದಲ್ಲಿ ಬರೆಯುತ್ತಿದ್ದೆವು, ಆಮೇಲೆ ಕಂಪ್ಯೂಟರಿನಲ್ಲಿ ಪಟ್ಟಿ ಬಂತು. ನಾವು ಹಿಡಿದ ತಪ್ಪಿಗೆ ಎಲ್ಲರೂ ಬಗ್ ಅನ್ನುತ್ತಾರೆ. ಅದು ಆಟ ಮಾಡಿದವರಿಗೆ ಹೋಗುತ್ತದೆ. ಅವರು ಸರಿ ಮಾಡುತ್ತಾರೆ, ಇಲ್ಲವೇ ‘ಹೀಗೇ ಇರಬೇಕು’ ಎಂದು ಬರೆದು ವಾಪಸ್ ಕಳಿಸುತ್ತಾರೆ. ಹಾಗೆಂದರೆ ಇದು ತಪ್ಪಲ್ಲ, ಬೇಕೆಂದೇ ಮಾಡಿದ್ದು ಎಂದರ್ಥ. ಸೋಮಾರಿಗಳೂ ಹಾಗೇ ಬರೆಯುತ್ತಾರೆ, ಆದ್ದರಿಂದ ನಾನು ಆ ಮಾತನ್ನು ನಂಬುತ್ತಿರಲಿಲ್ಲ. ಆಟ ಬಿಡುಗಡೆಗೆ ಮೊದಲು ಒಂದು ಮೀಟಿಂಗ್ ಇರುತ್ತದೆ. ಉಳಿದಿರುವ ಬಗ್‌ಗಳಲ್ಲಿ ಯಾವುದನ್ನು ಸರಿ ಮಾಡಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಅಲ್ಲಿ. ಅದು ಪಕ್ಕಾ ಸಂತೆ. ಆ ಸಂತೆಗೆ ನಾನು ಹುಟ್ಟಿದವಳು. ಸಣ್ಣ ಬಗ್‌ಗಳನ್ನು ದೊಡ್ಡ ದನಿಯಲ್ಲಿ ಹೇಳುತ್ತಿದ್ದೆ, ಆಮೇಲೆ ದೊಡ್ಡ ಮನಸ್ಸು ಮಾಡಿದವಳ ಹಾಗೆ ಅವನ್ನು ಬಿಟ್ಟುಕೊಡುತ್ತಿದ್ದೆ. ಬದಲಿಗೆ ನನಗೆ ನಿಜವಾಗಿ ಬೇಕಾದ ಒಂದನ್ನು ಎತ್ತಿಕೊಳ್ಳುತ್ತಿದ್ದೆ. ಹೊಸಬರೇ, ಪಟ್ಟಿಯಲ್ಲಿ ಯಾವಾಗಲೂ ಬಿಟ್ಟುಕೊಡಲು ನಾಲ್ಕು ಇಟ್ಟುಕೊಂಡಿರಿ.

ಇಷ್ಟು ಗೊತ್ತಿದ್ದರೆ ಬಸ್ಸಿನ ಆಟದ ಕಥೆ ಅರ್ಥವಾಗುತ್ತದೆ.

ಕಂಪನಿ ಸ್ವಲ್ಪ ಬೆಳೆದ ಮೇಲೆ ತನ್ನದೇ ಸಣ್ಣ ಆಟಗಳನ್ನು ಮಾಡತೊಡಗಿತ್ತು. ನಂದಿನಿ ಆಗ ಸೇರಿದವಳು. ಅಪ್ಪ ಅಮ್ಮ ಗದಗದ ಕಡೆಯಿಂದ ದುಡಿಯಲು ಬಂದವರು, ಇವಳು ಬೆಳೆದದ್ದೆಲ್ಲ ಬೊಮ್ಮಸಂದ್ರದ ಬಾಡಿಗೆ ಮನೆಯಲ್ಲಿ. ಮಾತು ಕಡಿಮೆ, ಕೈ ಚುರುಕು. ಅವಳೊಬ್ಬಳೇ ಕೂತು ಆ ಆಟ ಕಟ್ಟಿದಳು. ಆಡುವವರೇ ಕಾರ್ಖಾನೆ ಬಸ್ಸಿನ ಡ್ರೈವರ್. ಬೆಳಗಿನ ಪಾಳಿಯವರನ್ನು ಹನ್ನೆರಡು ಸ್ಟಾಪಿನಲ್ಲಿ ಹತ್ತಿಸಿಕೊಂಡು, ಸೈರನ್ ಆಗುವುದರೊಳಗೆ ಗೇಟು ತಲುಪಬೇಕು. ಆಟ ಚೆನ್ನಾಗಿತ್ತು ಅನ್ನಲೇ? ಎಲೆಕ್ಟ್ರಾನಿಕ್ ಸಿಟಿಗೆ ಅಂಥದ್ದೇ ಬಸ್ಸಿನಲ್ಲಿ ಹೋಗಿ ಬಂದವಳು ನಾನು. ಬಸ್ಸು ಬಾಗಿಲು ತೆರೆಯುವಾಗಿನ ಆ ಉಸಿರು ಬಿಟ್ಟಂಥ ಸದ್ದು ಕೇಳಿ, ಹಿಡಿದುಕೊಳ್ಳಲು ಕಂಬ ಹುಡುಕುವವಳ ಹಾಗೆ ಕೈ ಮೇಲೆತ್ತಿದ್ದೆ.

ಒಂಬತ್ತನೆಯ ಸ್ಟಾಪು ಒಂದು ಚಹಾದಂಗಡಿಯ ಮುಂದೆ. ಅಲ್ಲಿ ಚೌಕುಳಿ ಅಂಗಿಯ ಒಬ್ಬ ವಯಸ್ಸಾದವನು ನಿಂತಿರುತ್ತಾನೆ. ಬಸ್ಸು ನಿಲ್ಲಿಸಿದೆ, ಬಾಗಿಲು ತೆರೆಯಿತು. ಅವನು ತಲೆಯೆತ್ತಿ ನೋಡಿದ, ಬೇಡ ಎಂಬಂತೆ ತಲೆ ಅಲ್ಲಾಡಿಸಿದ. ಹತ್ತಲಿಲ್ಲ. ಬಾಗಿಲು ಮುಚ್ಚಿತು. ನನ್ನ ಸಮಯ ಹಾಳಾಯಿತು. ನಿಲ್ಲಿಸದೆ ಹೋದರೆ? ಏನೂ ಆಗುವುದಿಲ್ಲ, ಒಂದು ಅಂಕವೂ ಕಡಿಮೆಯಾಗುವುದಿಲ್ಲ. ಬರೆದೆ: “ಒಂಬತ್ತನೇ ಸ್ಟಾಪಿನ ಪ್ರಯಾಣಿಕ ಬಸ್ಸು ಹತ್ತುತ್ತಿಲ್ಲ.” ವಾಪಸ್ ಬಂತು: “ಹೀಗೇ ಇರಬೇಕು.” ಇನ್ನೊಮ್ಮೆ ಕಳಿಸಿದೆ. ಅದೇ ಉತ್ತರ. ಮೂರನೆಯ ಸಲವೂ ಅದೇ ಬಂದಾಗ ನೇರ ಅವಳ ಮೇಜಿಗೆ ಹೋದೆ.

“ಯಾಕಮ್ಮ ಹತ್ತಲ್ಲ ಅವ್ನು?”

“ಹತ್ತಲ್ಲ ಅಕ್ಕ, ಅಷ್ಟೆ.”

“ಹತ್ತದವನ ಮುಂದೆ ಬಸ್ಸು ಯಾಕೆ ನಿಲ್ಲಿಸ್ಬೇಕು? ಯಾರು ನಿಲ್ಲಿಸ್ತಾರೆ?”

“ನಿಲ್ಲಿಸೋರು ನಿಲ್ಲಿಸ್ತಾರೆ ಬಿಡಿ.”

ಹೀಗೆ ಹೇಳಿ ಕಂಪ್ಯೂಟರಿನ ಕಡೆ ತಿರುಗಿಬಿಟ್ಟಳು. ನನಗೆ ಸಿಟ್ಟು ಬಂತು. ಅಷ್ಟು ವರ್ಷದ ಅನುಭವಕ್ಕೆ ಒಂದು ಕಾರಣ ಹೇಳುವಷ್ಟೂ ಮರ್ಯಾದೆ ಇಲ್ಲವೇ ಎಂದು.

ಮೀಟಿಂಗ್ ಬಂತು. ಆ ಆಟದಲ್ಲಿ ನಿಜವಾದ ಒಂದು ದೊಡ್ಡ ರೋಗವಿತ್ತು. ಅಗ್ಗದ ಫೋನುಗಳಲ್ಲಿ ಆಡುತ್ತಿರುವಾಗ ಕರೆ ಬಂದರೆ ಆಟ ಸತ್ತೇ ಹೋಗುತ್ತಿತ್ತು, ಆಡಿದ್ದೆಲ್ಲ ಹೋಗುತ್ತಿತ್ತು. ಅಗ್ಗದ ಫೋನಿನವರೇ ಅದನ್ನು ಹೆಚ್ಚಾಗಿ ಆಡುವವರು. ನಂದಿನಿ ಅದನ್ನು ಸರಿಮಾಡಲು ಎರಡು ದಿನ ಹೆಚ್ಚಿಗೆ ಕೇಳಿದಳು. ದಿವಾಕರ ಸಾರ್ ಪಟ್ಟಿ ನೋಡಿದರು.

“ಒಂಬತ್ತು ಐಟಂ ಇದೆ ಇಲ್ಲಿ. ಎರಡು ದಿನ ಕೊಟ್ರೆ ನಾಲ್ಕು ದಿನ ಮಾಡ್ತೀರ. ಆಗಲ್ಲ.”

ನನ್ನ ಸಂತೆ ಬುದ್ಧಿ ಎದ್ದು ಕೂತಿತು. “ಸಾರ್, ಏಳು ಐಟಂ ನಾನು ಬಿಟ್ಕೊಡ್ತೀನಿ, ಬಿಡುಗಡೆ ಆದ್ಮೇಲೆ ನೋಡ್ಕೊಳ್ಳಿ. ಕರೆ ಬಂದ್ರೆ ಸಾಯೋದಕ್ಕೆ ಎರಡು ದಿನ ಕೊಡಿ. ಆ ಒಂಬತ್ತನೇ ಸ್ಟಾಪಿನವನನ್ನ ಮಾತ್ರ ಇವತ್ತೇ ಬಸ್ ಹತ್ತಿಸ್ಬೇಕು. ಅದು ಐದು ನಿಮಿಷದ ಕೆಲಸ.”

ಏಳು ಬಿಟ್ಟುಕೊಟ್ಟೆ ಎಂದು ಸಾರ್‌ಗೆ ಖುಷಿ. “ಭೇಷ್. ಏನಮ್ಮ ನಂದಿನಿ, ಆಗುತ್ತಲ್ಲ?”

ನಂದಿನಿ ನನ್ನನ್ನು ನೋಡಿದಳು. ಅವಳು ವಾದ ಮಾಡುತ್ತಾಳೆ ಎಂದು ನಾನು ಮೂರು ಉತ್ತರ ಕಟ್ಟಿಕೊಂಡು ಕೂತಿದ್ದೆ. “ಸರಿ ಅಕ್ಕ” ಎಂದಳು. ಮೀಟಿಂಗ್ ಮುಗಿದು ನಾನು ಕುರ್ಚಿಗೆ ಬಂದು ಕೂರುವಷ್ಟರಲ್ಲಿ ಬಗ್ ಸರಿಯಾದದ್ದಕ್ಕೆ ಪಟ್ಟಿಯಲ್ಲಿ ಹಸಿರು ಗುರುತು ಬಿದ್ದಿತ್ತು. ಆಡಿ ನೋಡಿದೆ. ಚೌಕುಳಿ ಅಂಗಿಯವನು ಎಲ್ಲರ ಹಾಗೆ ಬಸ್ಸು ಹತ್ತಿ, ಎಲ್ಲರ ಹಾಗೆ ಸೀಟಿನಲ್ಲಿ ಕೂತ. ಗೆದ್ದೆ.

ಆಟ ಬಿಡುಗಡೆಯಾಯಿತು. ನಮ್ಮ ಕಟ್ಟಡದ ಸೆಕ್ಯುರಿಟಿಯಲ್ಲಿ ರಾಯಚೂರಿನವನೊಬ್ಬನಿದ್ದ, ಒಡೆದ ಗಾಜಿನ ಫೋನಿನಲ್ಲಿ ದಿನವೂ ಅದನ್ನೇ ಆಡುತ್ತಿದ್ದ. ಊರಿನಿಂದ ಹೆಂಡತಿಯ ಕರೆ ಬಂದರೆ ಮಾತಾಡಿ, ಮತ್ತೆ ಬಸ್ಸು ಬಿಟ್ಟಲ್ಲಿಂದಲೇ ಓಡಿಸುತ್ತಿದ್ದ. “ಅಕ್ಕಾ, ಎಲ್ಲಾರ್ನೂ ಹತ್ತಿಸ್ಕೊಂಡೆ, ಒಬ್ರನ್ನೂ ಬಿಟ್ಟಿಲ್ಲ” ಎಂದು ನನಗೆ ತೋರಿಸುತ್ತಿದ್ದ. ನನ್ನ ಚೌಕಾಸಿಯಿಂದ ಆದ ಒಳ್ಳೆಯದು ಕಣ್ಣೆದುರೇ ಇತ್ತು.

ಅದೇ ವರ್ಷ ನಂದಿನಿ ಕೆಲಸ ಬಿಟ್ಟಳು. ಕೊನೆಯ ದಿನ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ, ಕೇಳದೆಯೇ ಹೇಳಿದಳು.

“ಅಕ್ಕ, ಆ ಒಂಬತ್ತನೇ ಸ್ಟಾಪಲ್ಲಿ ನಿಂತಿದ್ದು ನಮ್ಮಪ್ಪ.”

ಅವಳ ಅಪ್ಪ ಬಸವರಾಜಪ್ಪ ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿದ್ದವರು. ವಯಸ್ಸಾದವರನ್ನೆಲ್ಲ ಒಟ್ಟಿಗೆ ಮನೆಗೆ ಕಳಿಸಿದಾಗ ಅವರನ್ನೂ ಕಳಿಸಿದರು. ಆಮೇಲೂ ಅವರು ದಿನಾ ಬೆಳಿಗ್ಗೆ ಹೋಗಿ ಅದೇ ಸ್ಟಾಪಿನಲ್ಲಿ ನಿಲ್ಲುತ್ತಿದ್ದರಂತೆ. ಕಾರ್ಖಾನೆಯ ಬಸ್ಸು ಬರುತ್ತಿತ್ತು. ಡ್ರೈವರ್ ನಿಲ್ಲಿಸಿ ಬಾಗಿಲು ತೆರೆಯುತ್ತಿದ್ದ, ಅಪ್ಪ ತಲೆ ಅಲ್ಲಾಡಿಸುತ್ತಿದ್ದರು, ಬಸ್ಸು ಹೋಗುತ್ತಿತ್ತು. ಶಾಲೆಗೆ ಹೋಗುವಾಗ ಇವಳು ರಸ್ತೆಯ ಆ ಬದಿಯಿಂದ ನೋಡುತ್ತಿದ್ದಳು.

“ಕೆಲಸ ಹೋದ್ರೂ ಒಬ್ಬ ಬಾಗ್ಲು ತೆಗೀತಿದ್ನಲ್ಲ ಅಕ್ಕ. ಆಡೋರು ಅಲ್ಲಿ ನಿಲ್ಲಿಸ್ತಾರಾ ಇಲ್ವಾ ಅಂತ ನೋಡ್ಬೇಕಿತ್ತು ನಂಗೆ. ಅದಕ್ಕೇ ಅಂಕ ಇಟ್ಟಿರ್ಲಿಲ್ಲ.”

“ಮೊದ್ಲೇ ಹೇಳ್ಬಾರ್ದಿತ್ತಾ?”

“ಮೀಟಿಂಗಲ್ಲಿ ಏನಂತ ಹೇಳ್ಲಿ? ಅವ್ರು ನಮ್ಮಪ್ಪ, ಬಿಟ್ಬಿಡಿ ಸಾರ್ ಅಂತಾನಾ?”

ಆವತ್ತು ಶುರುವಾದ ಗೊಂದಲ ಇದು. ಒಮ್ಮೆ ನಾನು ಮಾಡಿದ್ದು ತಪ್ಪು ಅನ್ನಿಸುತ್ತದೆ. ಒಬ್ಬಳು ಇಡೀ ಬಸ್ಸು ಕಟ್ಟಿದ್ದೇ ಆ ಒಂದು ಸ್ಟಾಪಿಗಾಗಿ, ಅದನ್ನೇ ಸಂತೆಯಲ್ಲಿ ಎತ್ತಿಕೊಂಡುಬಿಟ್ಟೆ. ಕಾರ್ಖಾನೆ ಬಸ್ಸಿನಲ್ಲಿ ಅಷ್ಟು ವರ್ಷ ಓಡಾಡಿದವಳಿಗೇ ಅದು ಹೊಳೆಯಲಿಲ್ಲವಲ್ಲ. ಮತ್ತೊಮ್ಮೆ ರಾಯಚೂರಿನವನ ಮುಖ ನೆನಪಾಗುತ್ತದೆ. ಆ ಎರಡು ದಿನ ಸಿಗದಿದ್ದರೆ ಅವನ ಆಟ ದಿನಾ ಸಾಯುತ್ತಿತ್ತು. ಆದರೆ ಅದೇ ಎರಡು ದಿನವನ್ನು ಎಂಟು ಐಟಂ ಬಿಟ್ಟುಕೊಟ್ಟೂ ಕೇಳಬಹುದಿತ್ತು. ಆ ಎಂಟನೆಯದು ಯಾಕೆ ಬಿಡಲಿಲ್ಲ ಎಂದರೆ, ಅವಳು ನನಗೆ ಕಾರಣ ಹೇಳಿರಲಿಲ್ಲ ಎಂಬ ಸಿಟ್ಟು. ಇಷ್ಟೇ. ಆಮೇಲಿನ ವರ್ಷಗಳಲ್ಲಿ ‘ಹೀಗೇ ಇರಬೇಕು’ ಎಂದು ಯಾರು ಬರೆದರೂ ಎದ್ದು ಹೋಗಿ ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ಹತ್ತರಲ್ಲಿ ಒಂಬತ್ತು ಜನ ಸೋಮಾರಿಗಳೇ. ಆದರೂ ಕೇಳುತ್ತಿದ್ದೆ. ಕಡೆಕಡೆಗೆ ಆಟವನ್ನು ಯಂತ್ರವೇ ಆಡಿ ತಪ್ಪು ಹುಡುಕುವ ಕಾಲ ಬಂತು. ಅದು ನನಗಿಂತ ಬೇಗ ಗೋಡೆಗಳಿಗೆ ಗುದ್ದುತ್ತದೆ. ಎದ್ದು ಹೋಗಿ ಯಾರ ಪಕ್ಕದಲ್ಲೂ ಕೂರುವುದಿಲ್ಲ. ಅಷ್ಟರಲ್ಲಿ ನನ್ನ ನಿವೃತ್ತಿಯೂ ಬಂತು.

ಈ ವರ್ಷ ನಂದಿನಿ ವಿಳಾಸ ಹುಡುಕಿಕೊಂಡು ಮನೆಗೆ ಬಂದಳು. ಈಗ ಅವಳದೇ ಸಣ್ಣ ಕಂಪನಿ, ಮೂರು ಜನ. ಬಸ್ಸಿನ ಆಟವನ್ನು ಹೊಸದಾಗಿ ಮಾಡಿದ್ದಳು. ಸೋಮವಾರ ಬಿಡುಗಡೆ.

“ಯಂತ್ರಕ್ಕೆ ಕೊಟ್ಟು ಆಡಿಸಿದ್ದೀನಿ ಅಕ್ಕ. ಆದ್ರೂ ನೀವೊಂದ್ಸಲ ಆಡ್ಬೇಕು. ತಪ್ಪು ಇದ್ರೆ ಮುಲಾಜಿಲ್ದೆ ಬರೀರಿ.”

ಒಂಬತ್ತನೆಯ ಸ್ಟಾಪಿನ ಬಗ್ಗೆ ಅವಳು ಬಾಯಿ ಬಿಡಲಿಲ್ಲ, ನನಗೆ ಕೇಳುವ ಮುಖವಿರಲಿಲ್ಲ. ಅವಳು ಹೋದ ಮೇಲೆ ನನ್ನ ಹಳೆಯ ಫೋನಿನಲ್ಲಿ ಆಟ ಹಾಕಿಕೊಂಡೆ. ಎಂಟು ಸ್ಟಾಪು ಹೇಗೆ ಓಡಿಸಿದೆನೋ ಗೊತ್ತಿಲ್ಲ. ಒಂಬತ್ತನೆಯದು ಬಂತು. ಚಹಾದಂಗಡಿ ಇದೆ. ಬೆಂಚು ಇದೆ. ಮನುಷ್ಯನಿಲ್ಲ.

ನಿಲ್ಲಿಸಿ ಬಾಗಿಲು ತೆರೆದೆ. ಮೊದಲಿನಷ್ಟೇ ಹೊತ್ತು ಬಾಗಿಲು ತೆರೆದೇ ಇತ್ತು, ಆಮೇಲೆ ತಾನಾಗಿ ಮುಚ್ಚಿತು. ಮಾರನೆಯ ದಿನವೂ ಹಾಗೇ. ಮೂರನೆಯ ದಿನವೂ ಹಾಗೇ. ನನಗೆ ಅರ್ಥವಾಗಿಹೋಯಿತು. ಬಸವರಾಜಪ್ಪ ತೀರಿಕೊಂಡಿದ್ದಾರೆ. ಡ್ರೈವರ್ ಮಾತ್ರ ಈಗಲೂ ನಿಲ್ಲಿಸುತ್ತಾನೆ, ಈಗಲೂ ಬಾಗಿಲು ತೆರೆಯುತ್ತಾನೆ. ಎಂಥ ಮಗಳು! ಬೇರೆ ಒಂಬತ್ತು ತಪ್ಪು ಸಿಕ್ಕಿದ್ದವು, ಅವನ್ನು ಬರೆದು ಕಳಿಸಿದೆ. ಖಾಲಿ ಸ್ಟಾಪನ್ನು ಬರೆಯಲಿಲ್ಲ. ಈ ಸಲವಾದರೂ ಕಣ್ಣು ಬಿಟ್ಟು ನೋಡಿದೆ ಎಂದುಕೊಂಡು, ಕಣ್ಣೊರೆಸಿಕೊಂಡು, ಅವಳಿಗೆ ಫೋನ್ ಮಾಡಿದೆ.

“ನಂದಿನಿ, ಅಪ್ಪ ಯಾವಾಗಮ್ಮ?”

“ಯಾವಾಗ ಅಂದ್ರೆ? ಏನು ಯಾವಾಗ?”

“ನಂಗೊಂದು ಮಾತು ಹೇಳ್ಬಾರ್ದಿತ್ತಾ? ಬಂದು ಮುಖ ನೋಡ್ತಿದ್ದೆ.”

“ಅಕ್ಕ, ನೀವೇನ್ ಹೇಳ್ತಿದ್ದೀರ? ಅಪ್ಪ ಇಲ್ಲೇ ಕೂತು ಮಂಡಕ್ಕಿ ತಿಂತಿದ್ದಾರೆ.”

ನಾನು ಸ್ಟಾಪಿನ ಸಂಗತಿ ಹೇಳಿದೆ. ಆ ಕಡೆ ಅವಳು ತಲೆ ಚಚ್ಚಿಕೊಂಡದ್ದು ಕೇಳಿಸಿತು. “ಅಯ್ಯೋ ಅಕ್ಕಾ! ಅದು ಬಗ್ಗು! ನಿಮ್ಮ ಹಳೇ ಫೋನಲ್ಲಿ ಅಪ್ಪನ ಚಿತ್ರ ಬರ್ತಿಲ್ಲ ಅಷ್ಟೆ. ನನ್ನ ಫೋನಲ್ಲಿ ಚೆನ್ನಾಗಿ ನಿಂತವ್ರೆ. ನೀವು ಅದನ್ನೊಂದು ಬಿಟ್ಟು ಬೇರೆಲ್ಲ ಬರೆದಿದ್ದೀರಲ್ಲ!”

ನಾಚಿಕೆಯಾಯಿತು. ಬದುಕಿರುವ ಮನುಷ್ಯನಿಗಾಗಿ ಅತ್ತಿದ್ದೆ. ಅಷ್ಟರಲ್ಲಿ ಫೋನು ಕೈ ಬದಲಾಯಿಸಿತು.

“ನಮಸ್ಕಾರ್ರೀ ಅಕ್ಕಾರ. ನಾ ಇನ್ನೂ ಅದೀನ್ರೀ.”

“ಕ್ಷಮಿಸ್ಬೇಕು ಯಜಮಾನ್ರೆ.”

“ಅದಕ್ಯಾಕ್ರೀ ಕ್ಷಮಾ? ಸುದ್ದಿ ಕೇಳಿ ಇನ್ನೊಂದ್ ಹಿಡಿ ಮಂಡಕ್ಕಿ ತಿಂದೆ.” ಎಂದು ಜೋರಾಗಿ ನಕ್ಕರು.

ಇಷ್ಟು ವರ್ಷ ನನ್ನನ್ನು ತಿಂದ ಪ್ರಶ್ನೆ, ಕೇಳಬೇಕಾದವರೇ ಸಿಕ್ಕಿದ್ದಾರೆ. ಕೇಳಿಯೇಬಿಟ್ಟೆ. “ಯಜಮಾನ್ರೆ, ಕೆಲಸ ಬಿಟ್ಮೇಲೂ ದಿನಾ ಅಲ್ಲಿ ಹೋಗಿ ಯಾಕೆ ನಿಲ್ತಿದ್ರಿ?”

“ಚಾ ಕುಡ್ಯಾಕ್ರೀ.”

“ಅಷ್ಟೇನಾ?”

“ಮೊದಲಿಗಿ ಅಷ್ಟರೀ. ಮನ್ಯಾಗ ಕುಂತು ಬ್ಯಾಸರಾಗಿ ಚಾ ಅಂಗಡಿ ಮುಂದ ನಿಂತಿದ್ದೆ. ಬಸ್ ಬಂತು, ಡ್ರೈವರ್ ಬಾಗಲಾ ತಗದ. ಒಲ್ಲೆಪಾ ಅಂತ ತಲಿ ಅಲ್ಲಾಡಿಸಿದೆ. ಮರುದಿನಾನೂ ನಿಲ್ಲಿಸಿದ. ಪಾಪ, ಕೆಲಸ ಹ್ವಾದಂವ ಅಂತ ಕರುಣಾ ಇರಬೇಕು ಅವಂಗ. ನಿಲ್ಲಿಸಬ್ಯಾಡ ಅಂತ ಹ್ಯಾಂಗ ಹೇಳ್ಲಿ? ಒಮ್ಮೆ ಜ್ವರ ಬಂದು ಎರಡ್ ದಿನಾ ಹೋಗಲಿಲ್ಲರೀ. ಮೂರನೇ ದಿನ ಅಂವ ಬಸ್ ಬಿಟ್ಟು ಇಳದ ಬಂದ. ‘ಎಲ್ ಹೋಗಿದ್ರಿ ಯಜಮಾನ್ರೆ, ಕಾಣ್ಲಿಲ್ವಲ್ಲ ಅಂತ ಗಾಬರಿ ಆಗೋಯ್ತು’ ಅಂದ. ಆಮ್ಯಾಲ ನಾ ಹ್ಯಾಂಗ್ ಬಿಡ್ಲಿ ಹೇಳ್ರಿ? ಅಂವ ಗಾಬರಿ ಆಗಬಾರದಂತ ದಿನಾ ಹೋಗಿ ನಿಂತೆ. ಅವನ ರೂಟ್ ಬದಲಿ ಆಗೂತನಕ.”

ಆ ಕಡೆಯಿಂದ ನಂದಿನಿಯ ದನಿ ಕೇಳಿತು. “ಅಪ್ಪಾ! ಇದನ್ನ ನಂಗೆ ಯಾವತ್ತೂ ಹೇಳೇ ಇಲ್ವಲ್ಲ!”

“ನೀ ಕೇಳಿಲ್ಲಲ್ಲ ಮತ್ತ.”

ಡ್ರೈವರ್ ಇವರಿಗಾಗಿ ನಿಲ್ಲಿಸುತ್ತಿದ್ದ. ಇವರು ಡ್ರೈವರ್‌ಗಾಗಿ ನಿಲ್ಲುತ್ತಿದ್ದರು. ಮಗಳು ರಸ್ತೆಯ ಆ ಬದಿಯಿಂದ ನೋಡಿ ಬೇರೆಯದೇ ಅರ್ಥ ಮಾಡಿಕೊಂಡು ಆಟ ಮಾಡಿದಳು. ನಾನು ಅದನ್ನು ಮೊದಲು ತಪ್ಪೆಂದು ತಿದ್ದಿಸಿದೆ, ಈಗ ತಪ್ಪನ್ನೇ ನೋಡಿ ಅತ್ತೆ. ಇದರಲ್ಲಿ ಬಗ್ ಯಾವುದು, ‘ಹೀಗೇ ಇರಬೇಕು’ ಯಾವುದು ಎಂದು ವಿಂಗಡಿಸಲು ಕೂತರೆ ನನ್ನ ಇಡೀ ಅನುಭವ ಸಾಲುವುದಿಲ್ಲ.

ನಂದಿನಿ ಫೋನು ವಾಪಸ್ ತೆಗೆದುಕೊಂಡಳು. ಅವಳ ದನಿಯೂ ಗಲಿಬಿಲಿಯಾಗಿತ್ತು.

“ಅಕ್ಕ, ಸೋಮವಾರ ಬಿಡುಗಡೆ. ನೀವು ಹೇಳಿದ್ದು ಕೇಳಿದ್ಮೇಲೆ, ಖಾಲಿ ಸ್ಟಾಪೇ ಚೆನ್ನಾಗಿದೆ ಅನ್ನಿಸ್ತಿದೆ. ಎಲ್ಲ ಫೋನಲ್ಲೂ ಹಾಗೇ ಮಾಡ್ಬಿಡ್ಲಾ?”

“ಬೇಡ ಕಣಮ್ಮ. ಅವ್ರನ್ನ ವಾಪಸ್ ನಿಲ್ಲಿಸು. ಸೋಮವಾರದ ಒಳಗೆ ನಿಲ್ಲಿಸ್ಬೇಕು, ಇದ್ರಲ್ಲಿ ಚೌಕಾಸಿ ಇಲ್ಲ.”

“ಯಾಕೆ?”

“ಅವ್ರು ಕಾಣ್ಲಿಲ್ಲ ಅಂದ್ರೆ ಡ್ರೈವರ್‌ಗೆ ಗಾಬರಿ ಆಗುತ್ತೆ.”

“ಯಾವ ಡ್ರೈವರ್ ಅಕ್ಕ? ಆಟದಲ್ಲಿ ಡ್ರೈವರ್ ಅಂತ ಬೇರೆ ಯಾರೂ ಇಲ್ವಲ್ಲ.”

“ನಾನೇ ಕಣೇ. ಮೂರು ದಿನದಿಂದ ಬಸ್ ಓಡಿಸ್ತಿರೋಳು ನಾನು ತಾನೇ? ಗಾಬರಿಯಾಗಿ ತಾನೇ ನಿಂಗೆ ಫೋನ್ ಮಾಡಿದ್ದು?”